ಮಾದಕ ವಸ್ತು: ಹೊತ್ತವನೂ ಹತ್ತರಲ್ಲಿ ಒಬ್ಬ

ಮದರಸಾದಲ್ಲಿ ಕಲಿತವನಿಗೆ ಕನ್ನಡದ ಬಿ.ಎ. ಪದವಿ ಯಾತಕ್ಕೆಂದು ನನ್ನ ಬಂಧುಗಳು ಹಿಂದೆ ಕೇಳುತ್ತಿದ್ದರು. ಈಗ ಕೇಳುವುದಿಲ್ಲ. ತುಮಕೂರಿನ ನಮ್ಮ ಮೊಹಲ್ಲಾದಲ್ಲಿ ಯಾರ ಮನೆಗೆ ಠಾಣೆಯ ಅಥವಾ ನ್ಯಾಯಾಲಯದ ಕಾಗದ ಬಂದರೂ ಅದು ಇಶಾ ನಮಾಝ್ ಮುಗಿದ ಮೇಲೆ ನನ್ನ ಕೈ ಸೇರುತ್ತದೆ. ಉರ್ದು ಓದಬಲ್ಲ ಹಿರಿಯರಿಗೆ ನ್ಯಾಯಾಲಯದ ಕನ್ನಡ ತೊಡಕು. ಕನ್ನಡ ಶಾಲೆಯಲ್ಲಿ ಓದಿದ ಅವರ ಮಕ್ಕಳಿಗೂ ಮಹಜರಿನ ಭಾಷೆ ದಕ್ಕುವುದಿಲ್ಲ. ಹದಿನೈದು ವರ್ಷಗಳ ಹಿಂದೆ ಹೀಗೆ ಬರುತ್ತಿದ್ದ ಕಾಗದಗಳಲ್ಲಿ ಬಹುಪಾಲು ಪಹಣಿ, ಖಾತೆ, ಮನೆ ಬಾಡಿಗೆಯ ತಕರಾರು, ಅಪರೂಪಕ್ಕೊಂದು ಚೆಕ್ ಬೌನ್ಸ್ ಮೊಕದ್ದಮೆ. ಈಚಿನ ವರ್ಷಗಳಲ್ಲಿ ಇನ್ನೊಂದು ಬಗೆಯ ಕಾಗದ ಬರತೊಡಗಿದೆ. ಅದರಲ್ಲಿ ‘ಎನ್‌ಡಿಪಿಎಸ್ ಕಾಯ್ದೆ 1985’ ಎಂದಿರುತ್ತದೆ. ಅದನ್ನು ತರುವವರು ಕುಳಿತುಕೊಳ್ಳುವುದಿಲ್ಲ. ಬಾಗಿಲ ಬಳಿಯೇ ನಿಂತು, ದನಿ ತಗ್ಗಿಸಿ, “ಹಜರತ್, ಇದರಲ್ಲಿ ಎಷ್ಟು ವರ್ಷ ಅಂತ ಬರೆದಿದ್ದಾರೆ?” ಎಂದು ಕೇಳುತ್ತಾರೆ.

ಎಫ್‌ಐಆರ್‌ನಲ್ಲಿ ವರ್ಷಗಳನ್ನು ಬರೆದಿರುವುದಿಲ್ಲ, ಕಲಂಗಳನ್ನು ಬರೆದಿರುತ್ತಾರೆ. ವರ್ಷಗಳು ಅಡಗಿರುವುದು ತೂಕದಲ್ಲಿ.

ನಾನು ಗುಬ್ಬಿಯಲ್ಲಿ ಪಾಠ ಹೇಳುತ್ತಿದ್ದ ದಿನಗಳಲ್ಲಿ ಮಕ್ತಬಿನಲ್ಲಿ ಕಾಯಿದಾದಿಂದ ಹಿಡಿದು ಕುರ್‌ಆನ್ ಖತಮ್ ಮಾಡುವವರೆಗೆ ನನ್ನ ಮುಂದೆ ಕುಳಿತು ಓದಿದ ಒಬ್ಬ ಹುಡುಗನಿದ್ದ. ಅವನಿಗೆ 22 ತುಂಬಿದ ವರ್ಷ, ಸ್ನೇಹಿತನೊಬ್ಬ ಕೊಟ್ಟ ಚೀಲವನ್ನು ಸ್ಕೂಟರಿನಲ್ಲಿ ಕಾಲಿನ ಬಳಿ ಇಟ್ಟುಕೊಂಡು ತುಮಕೂರಿನತ್ತ ಬರುತ್ತಿದ್ದಾಗ ಪೊಲೀಸರು ತಡೆದರು. ಮಹಜರಿನ ಪ್ರಕಾರ ಚೀಲದಲ್ಲಿದ್ದದ್ದು 1 ಕಿಲೋ 240 ಗ್ರಾಂ ಗಾಂಜಾ. ತಂದೆ ತೆಂಗಿನಕಾಯಿ ವ್ಯಾಪಾರಿ. ಜೀವಮಾನವಿಡೀ ತಕ್ಕಡಿ ಹಿಡಿದ ಆ ಮನುಷ್ಯ, “ಒಂದೂಕಾಲು ಕಿಲೋ ತಾನೇ ಹಜರತ್? ಎರಡು ಕಾಯಿ ತೂಕ” ಎಂದರು. ಅವರಿಗೆ ನಾನು ಹೇಳಬೇಕಾಗಿ ಬಂದ ಮಾತು ಇದು: ಚೀಲದಲ್ಲಿ ಕಾಲು ಕಿಲೋ ಕಡಿಮೆ ಇದ್ದಿದ್ದರೆ ಗರಿಷ್ಠ ಶಿಕ್ಷೆ 1 ವರ್ಷ, ಈಗ ಅದು 10 ವರ್ಷ.

ಗಾಂಜಾ ವಿಷಯದಲ್ಲಿ ಕಾಯ್ದೆಯ 20ನೇ ಕಲಂ ಹಾಕಿರುವ ಗೆರೆ ಸರಳವಾಗಿದೆ. 1 ಕಿಲೋಗಿಂತ ಕಡಿಮೆಯಿದ್ದರೆ ಅದು ಅಲ್ಪ ಪ್ರಮಾಣ: 1 ವರ್ಷದವರೆಗೆ ಕಠಿಣ ಸೆರೆವಾಸ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ: ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ, ಜೊತೆಗೆ 1 ಲಕ್ಷದಿಂದ 2 ಲಕ್ಷ ರೂಪಾಯಿ ದಂಡ. ಇವೆರಡರ ನಡುವೆ ಇರುವುದಕ್ಕೆಲ್ಲ 10 ವರ್ಷದವರೆಗೆ ಸೆರೆವಾಸ, 1 ಲಕ್ಷದವರೆಗೆ ದಂಡ. ಹೊಲದಲ್ಲಿ ಗಿಡ ಬೆಳೆದವನಿಗಾದರೆ ತೂಕದ ಲೆಕ್ಕವೇ ಇಲ್ಲ. ತೊಗರಿ ಸಾಲಿನ ನಡುವೆ ಬೆಳೆದರೂ ಅಡಿಕೆ ತೋಟದ ಮೂಲೆಯಲ್ಲಿ ಬೆಳೆದರೂ 10 ವರ್ಷದವರೆಗೆ ಶಿಕ್ಷೆ ವಿಧಿಸಬಹುದು.

ಈ ತೂಕದ ಪದ್ಧತಿ ಮೊದಲಿನಿಂದ ಇದ್ದದ್ದಲ್ಲ. ಬ್ರಿಟಿಷರ ಕಾಲದಲ್ಲಿ ಅಫೀಮು ಮತ್ತು ಗಾಂಜಾ ಅಬಕಾರಿ ಇಲಾಖೆಯ ಪರವಾನಗಿಯ ಮೇಲೆ ಮಾರಾಟವಾಗುವ ಸರಕುಗಳಾಗಿದ್ದವು. ಎನ್‌ಡಿಪಿಎಸ್ ಕಾಯ್ದೆ ಜಾರಿಗೆ ಬಂದದ್ದು 1985ರ ನವೆಂಬರ್ 14ರಂದು. ಆಗ ಹೆರಾಯಿನ್ ಮುಂತಾದವುಗಳಿಗೆ, ಸ್ವಂತ ಬಳಕೆಯ ತೀರ ಅಲ್ಪ ಪ್ರಮಾಣವನ್ನು ಬಿಟ್ಟರೆ, ಎಷ್ಟಿದ್ದರೂ ಕನಿಷ್ಠ 10 ವರ್ಷ. ಪುಡಿ ಮಾರಿದವನಿಗೂ ಲಾರಿ ತುಂಬಿಸಿದವನಿಗೂ ಒಂದೇ ಶಿಕ್ಷೆಯಾಗುವುದು ನ್ಯಾಯವಲ್ಲವೆಂದು 2001ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಪ್ರಮಾಣಕ್ಕೆ ತಕ್ಕ ಶಿಕ್ಷೆಯನ್ನು ನಿಗದಿಪಡಿಸಿದರು. ಒಳ್ಳೆಯ ಉದ್ದೇಶವೇ. ಆದರೆ ನಮ್ಮ ಹುಡುಗರು ‘ಕಡಿಮೆ ಇದ್ದರೆ ಏನೂ ಆಗುವುದಿಲ್ಲ’ ಎಂಬ ಅರ್ಧ ಮಾತನ್ನು ಮಾತ್ರ ಯಾರಿಂದಲೋ ಕೇಳಿಕೊಂಡಿದ್ದಾರೆ. ಕಡಿಮೆ ಎಂದರೆ ಎಷ್ಟು ಎಂಬುದು ಒಂದೊಂದು ವಸ್ತುವಿಗೆ ಒಂದೊಂದು ಬಗೆ ಎಂಬುದನ್ನು ಅವರಿಗೆ ಯಾರೂ ಹೇಳಿಲ್ಲ. ಚರಸ್‌ಗೆ ವಾಣಿಜ್ಯ ಪ್ರಮಾಣದ ಗೆರೆ 1 ಕಿಲೋ. ಹೆರಾಯಿನ್‌ಗೆ 250 ಗ್ರಾಂ. ಈಗ ಕಾಲೇಜು ಹುಡುಗರ ಬಾಯಲ್ಲಿ ಓಡಾಡುವ ಎಂಡಿಎಂಎಗೆ ಕೇವಲ 10 ಗ್ರಾಂ, ಅಂದರೆ ನಮ್ಮ ಹೆಂಗಸರು ಚಿನ್ನ ಲೆಕ್ಕ ಹಾಕುವ ಒಂದು ತೊಲಕ್ಕಿಂತಲೂ ಕಡಿಮೆ. ಅದರಲ್ಲಿ ಅಲ್ಪ ಪ್ರಮಾಣವೆಂದರೆ ಅರ್ಧ ಗ್ರಾಮಿಗಿಂತ ಕೆಳಗೆ, ಉಗುರಿನ ತುದಿಗೆ ಹತ್ತುವ ಉಪ್ಪಿನಷ್ಟು. ಎಲ್‌ಎಸ್‌ಡಿ ಎಂಬುದಕ್ಕೆ ಗ್ರಾಮಿನ ಹತ್ತನೇ ಒಂದು ಭಾಗ ಮೀರಿದರೆ ಸಾಕು, 10 ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆ.

ಇನ್ನೂ ಒಂದು ವಿಷಯವಿದೆ. ಪುಡಿಯಲ್ಲಿ ಬೆರಕೆ ಇದೆ, ನಿಜವಾದ ಮಾದಕ ಎರಡು ಮೂರು ಗ್ರಾಂ ಮಾತ್ರ ಎಂದು ವಾದಿಸಿ ಪಾರಾಗುವ ದಾರಿಯೊಂದಿತ್ತು. 2020ರ ಏಪ್ರಿಲ್‌ನಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ದಾರಿಯನ್ನು ಮುಚ್ಚಿತು. ಬೆರಕೆಯೂ ಸೇರಿ ಒಟ್ಟು ತೂಕವೇ ಲೆಕ್ಕ. ಹನ್ನೆರಡು ಗ್ರಾಂ ಪುಡಿಯಲ್ಲಿ ಮೂರೇ ಗ್ರಾಂ ಎಂಡಿಎಂಎ ಇದ್ದರೂ ಕಾಯ್ದೆಯ ತಕ್ಕಡಿ ತೋರಿಸುವುದು ಹನ್ನೆರಡನ್ನೇ. ಗಾಂಜಾದಲ್ಲಿ ಮಾತ್ರ ಕಾಯ್ದೆ ಹೇಳುವುದು ಹೂವು ಕಾಯಿ ಬಿಟ್ಟ ತುದಿಗಳನ್ನು. ಅವುಗಳಿಂದ ಬೇರ್ಪಟ್ಟ ಎಲೆ ಬೀಜಗಳು ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಆದ್ದರಿಂದ ಮಹಜರಿನಲ್ಲಿ ‘ಎಲೆ, ಕಾಂಡ, ಹೂವು ಸಮೇತ’ ಎಂಬ ಮಾತು ಇದೆಯೇ ಎಂದು ವಕೀಲರು ಮೊದಲು ಹುಡುಕುತ್ತಾರೆ. ಗುಬ್ಬಿಯ ಆ ತಂದೆಗೆ ಇದನ್ನು ವಿವರಿಸಲು ನನಗೆ ಅರ್ಧ ಗಂಟೆ ಹಿಡಿಯಿತು. ಕೊನೆಗೆ ಅವರು, “ಹಾಗಾದರೆ ಸಿಪ್ಪೆ ತೆಗೆದು ತೂಗಬೇಕಿತ್ತು ಅಂತೀರಾ?” ಎಂದರು. ಅವರ ಕಸುಬಿನ ಭಾಷೆಯಲ್ಲಿ ಅದು ಸರಿಯಾದ ಪ್ರಶ್ನೆಯೇ.

ಪತ್ರಿಕೆಗಳಲ್ಲಿ ಬರುವ ಪ್ರಕರಣಗಳು ಬೇರೆ ಗಾತ್ರದವು. 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೊಲೀಸರು ಕಲಬುರಗಿ ಜಿಲ್ಲೆಯ ಕುರಿ ಸಾಕಣೆಯ ಜಾಗವೊಂದರಲ್ಲಿ ನೆಲದಡಿ ಹೂತಿಟ್ಟಿದ್ದ ಸಾವಿರಕ್ಕೂ ಹೆಚ್ಚು ಕಿಲೋ ಗಾಂಜಾ ಹೊರತೆಗೆದರು. 2025ರ ಮಾರ್ಚ್‌ನಲ್ಲಿ ಮಂಗಳೂರು ನಗರದ ಪೊಲೀಸರು ಬೆಂಗಳೂರಿನಲ್ಲಿ ದಕ್ಷಿಣ ಆಫ್ರಿಕಾದ ಇಬ್ಬರು ಮಹಿಳೆಯರನ್ನು ಬಂಧಿಸಿ 37.87 ಕಿಲೋ ಎಂಡಿಎಂಎ ವಶಪಡಿಸಿಕೊಂಡರು. ಅದರ ಬೆಲೆ ಸುಮಾರು 75 ಕೋಟಿ ರೂಪಾಯಿ ಎಂದರು. ಲೆಕ್ಕ ಹಾಕಿ ನೋಡಿ, 10 ಗ್ರಾಮಿನ ಗೆರೆಯ 3,787 ಪಟ್ಟು. ಇಷ್ಟು ದೊಡ್ಡ ಸರಕು ಒಂದೇ ಕಡೆ ಖರ್ಚಾಗುವುದಿಲ್ಲ. ಅದು ಗ್ರಾಂ ಗ್ರಾಮಾಗಿ ಒಡೆದು ಊರೂರಿಗೆ ಇಳಿಯುತ್ತದೆ. ತುಮಕೂರು ಬೆಂಗಳೂರಿನಿಂದ 70 ಕಿಲೋಮೀಟರ್. ಪುಣೆಯ ಹೆದ್ದಾರಿ ಊರಿನ ಪಕ್ಕದಲ್ಲೇ ಹಾಯುತ್ತದೆ, ಶಿವಮೊಗ್ಗದ ದಾರಿ ಗುಬ್ಬಿಯ ಮೂಲಕ ಹೋಗುತ್ತದೆ, ಮಂಗಳೂರಿನ ಹೆದ್ದಾರಿ ಕುಣಿಗಲ್ಲನ್ನು ಹಾದು ಹೋಗುತ್ತದೆ. ದಾರಿಗಳಿದ್ದಲ್ಲಿ ಹೊರುವವರು ಬೇಕಾಗುತ್ತಾರೆ. ಹೊರುವವನಿಗೆ ಸಿಗುವುದು ಐನೂರು ರೂಪಾಯಿ, ಒಂದು ಬಿರಿಯಾನಿ, ಒಂದು ಹಳೆಯ ಮೊಬೈಲ್. ಜೈಲಿಗೆ ಮೊದಲು ಹೋಗುವವನು ಅವನೇ.

ಇಲ್ಲಿ ಭಾಷೆಯ ವಿದ್ಯಾರ್ಥಿಯಾಗಿ ಒಂದು ಮಾತು. ಠಾಣೆಯ ಕನ್ನಡದಲ್ಲಿ ಅರ್ಧದಷ್ಟು ಪದಗಳು ನಮಗೆ ಮದರಸಾದಲ್ಲೇ ಪರಿಚಿತ: ಮಹಜರು, ಜಪ್ತಿ, ದಸ್ತಗಿರಿ, ಜಾಮೀನು, ವಕೀಲ, ತಾರೀಕು. ‘ಅಮಲು’ ಎಂಬುದೂ ಅರಬಿಯ ‘ಅಮಲ್’ ಶಬ್ದವೇ. ಅರಬಿಯಲ್ಲಿ ಅದಕ್ಕೆ ಕರ್ಮ, ಕೆಲಸ ಎಂದರ್ಥ. ದಾರಿಯಲ್ಲಿ ಎಲ್ಲೋ ಅದು ಮನುಷ್ಯನ ಮೇಲೆ ವಸ್ತುವೊಂದು ಮಾಡುವ ಕೆಲಸ ಎಂಬ ಅರ್ಥ ಪಡೆದು, ಕನ್ನಡಕ್ಕೆ ಬಂದಾಗ ನಶೆಯಾಗಿ ನಿಂತಿತು. ಅಮಲ್ದಾರನೂ ಅಮಲುಗಾರನೂ ಒಂದೇ ಶಬ್ದದ ಮನೆಯವರು.

ನಮ್ಮ ಹುಡುಗರಲ್ಲಿ ಒಂದು ತಪ್ಪು ತಿಳಿವಳಿಕೆ ಬಲವಾಗಿದೆ. ಕುರ್‌ಆನ್ ನಿಷೇಧಿಸಿರುವುದು ಖಮ್ರ್, ಅಂದರೆ ಮದ್ಯ. ಗಾಂಜಾ, ಮಾತ್ರೆ, ಪುಡಿಗಳ ಹೆಸರು ಅಲ್ಲಿಲ್ಲ. ಆದ್ದರಿಂದ ಇದು ‘ಮಕ್ರೂಹ್’ ಇರಬಹುದು, ಹರಾಮ್ ಅಲ್ಲ ಎಂಬುದು ಅವರ ವಾದ. ಇದನ್ನು ಅವರು ನನ್ನ ಮುಖದ ಮೇಲೆಯೇ ಹೇಳಿದ್ದಾರೆ. ಇದು ಹೊಸ ವಾದವೇನಲ್ಲ. ಬುದ್ಧಿಯನ್ನು ಮುಚ್ಚುವುದೆಲ್ಲವೂ ಖಮ್ರ್ ಎಂದು ಖಲೀಫ ಉಮರ್(ರ) ಮಿಂಬರಿನ ಮೇಲೆ ನಿಂತು ವಿವರಿಸಿದ್ದು ಸಹೀಹ್ ಬುಖಾರಿಯಲ್ಲಿದೆ. ಹಶೀಶ್ ಅರಬ್ ನಾಡುಗಳಲ್ಲಿ ಹರಡಿದಾಗ ಉಲಮಾಗಳು ಆ ಮಾನದಂಡವನ್ನೇ ಹಿಡಿದರು. ಇಮಾಮ್ ಝರ್ಕಶಿಯವರು ಹಿಜರಿ ಎಂಟನೇ ಶತಮಾನದಲ್ಲಿ ಹಶೀಶ್ ಹರಾಮ್ ಎಂಬುದರ ಮೇಲೆಯೇ ಪ್ರತ್ಯೇಕ ಗ್ರಂಥ ಬರೆದರು. ಹೆಚ್ಚು ಸೇವಿಸಿದರೆ ಅಮಲೇರಿಸುವ ವಸ್ತುವಿನ ಅಲ್ಪಾಂಶವೂ ಹರಾಮ್ ಎಂಬ ಪ್ರವಾದಿ ವಚನವನ್ನು ಮಕ್ತಬಿನ ಮಕ್ಕಳೂ ಬಲ್ಲರು. ದೇಶದ ಕಾಯ್ದೆ ಅಲ್ಪಕ್ಕೂ ಅಧಿಕಕ್ಕೂ ನಡುವೆ ಗೆರೆ ಎಳೆಯುತ್ತದೆ, ಏಕೆಂದರೆ ಅದು ವರ್ಷಗಳನ್ನು ಹಂಚಬೇಕು. ಶರೀಅತ್‌ಗೆ ಆ ಗೆರೆಯ ಅಗತ್ಯವಿಲ್ಲ.

ಆದರೆ ಈ ಎರಡೂ ಅಚ್ಚರಿಯಾಗುವಷ್ಟು ಹತ್ತಿರ ಬರುವ ಒಂದು ಜಾಗವಿದೆ. ಅನಸ್(ರ) ವರದಿ ಮಾಡಿ ತಿರ್ಮಿಝಿಯಲ್ಲಿ ಬಂದಿರುವ ಹದೀಸೊಂದರಲ್ಲಿ ಪ್ರವಾದಿ(ಸ) ಮದ್ಯಕ್ಕೆ ಸಂಬಂಧಿಸಿ ಹತ್ತು ಮಂದಿಯನ್ನು ಶಪಿಸಿದ್ದಾರೆ. ಕುಡಿಯುವವನು ಅವರಲ್ಲಿ ಒಬ್ಬ ಮಾತ್ರ. ಹಿಂಡುವವನು, ಹಿಂಡಿಸುವವನು, ಹೊರುವವನು, ಯಾರಿಗಾಗಿ ಹೊರಲಾಗುತ್ತದೋ ಅವನು, ಸುರಿದು ಕೊಡುವವನು, ಮಾರುವವನು, ಅದರ ಹಣ ತಿನ್ನುವವನು, ಕೊಳ್ಳುವವನು, ಯಾರಿಗಾಗಿ ಕೊಳ್ಳಲಾಗುತ್ತದೋ ಅವನು: ಹೀಗೆ ಉಳಿದ ಒಂಬತ್ತು ಮಂದಿ ಸರಕನ್ನು ತಯಾರಿಸಿ ತಲುಪಿಸುವ ಸರಪಳಿಯವರು. ಎನ್‌ಡಿಪಿಎಸ್ ಕಾಯ್ದೆಯ ಕಲಂಗಳನ್ನು ಮೊದಲ ಸಲ ಸಾಲಾಗಿ ಓದಿದಾಗ ನನಗೆ ನೆನಪಾದದ್ದು ಈ ಪಟ್ಟಿ. ಬೆಳೆಯುವುದು, ತಯಾರಿಸುವುದು, ಇಟ್ಟುಕೊಳ್ಳುವುದು, ಮಾರುವುದು, ಕೊಳ್ಳುವುದು, ಸಾಗಿಸುವುದು ಎಲ್ಲವೂ ಒಂದೇ ಉಸಿರಿನಲ್ಲಿ ಬರುತ್ತವೆ, ಎಲ್ಲಕ್ಕೂ ಒಂದೇ ಶಿಕ್ಷೆ. ಪ್ರೇರೇಪಿಸಿದವನಿಗೂ ಒಳಸಂಚಿನಲ್ಲಿ ಸೇರಿದವನಿಗೂ 29ನೇ ಕಲಂ ಅದೇ ಶಿಕ್ಷೆ ಕೊಡುತ್ತದೆ. ಹಣ ಹೂಡಿದವನಿಗೂ, ವ್ಯಾಪಾರ ಮಾಡುವವನಿಗೆ ಆಶ್ರಯ ಕೊಟ್ಟವನಿಗೂ 27ಎ ಕಲಂ 10ರಿಂದ 20 ವರ್ಷ ಇಡುತ್ತದೆ. ‘ನಾನು ಸೇದುವುದಿಲ್ಲ ಹಜರತ್, ತಲುಪಿಸಿದೆ ಅಷ್ಟೇ’ ಎಂದು ಹುಡುಗರು ಹೇಳುವಾಗ, ಅದು ತಮ್ಮ ಪರವಾದ ಮಾತೆಂದು ಅವರು ನಂಬಿರುತ್ತಾರೆ. ಕಾಯ್ದೆಯಲ್ಲಿ ಸೇದಿದವನಿಗೆ 27ನೇ ಕಲಂ. ಗಾಂಜಾ ಆದರೆ 6 ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ತಲುಪಿಸಿದವನ ಸ್ಥಿತಿಯೇ ಹೆಚ್ಚು ಕೆಟ್ಟದ್ದು.

‘ನನಗೆ ಗೊತ್ತಿರಲಿಲ್ಲ’ ಎಂಬ ಮಾತಿನ ಗತಿಯನ್ನೂ ತಿಳಿದಿರಬೇಕು. ಸಾಮಾನ್ಯ ಅಪರಾಧಗಳಲ್ಲಿ ಆರೋಪಿಯ ಮನಸ್ಸಿನಲ್ಲಿ ದುರುದ್ದೇಶವಿತ್ತೆಂದು ಸರ್ಕಾರ ಸಾಬೀತುಪಡಿಸಬೇಕು. ಈ ಕಾಯ್ದೆಯ 35ನೇ ಮತ್ತು 54ನೇ ಕಲಂಗಳು ಆ ಕ್ರಮವನ್ನು ತಿರುಗಿಸುತ್ತವೆ. ವಸ್ತು ನಿಮ್ಮ ವಶದಲ್ಲಿ ಸಿಕ್ಕಿದ್ದು ಸ್ಥಾಪಿತವಾದರೆ, ತಿಳಿದೇ ಇಟ್ಟುಕೊಂಡಿದ್ದೀರಿ ಎಂದು ನ್ಯಾಯಾಲಯ ಭಾವಿಸುತ್ತದೆ. ತಿಳಿದಿರಲಿಲ್ಲವೆಂದು ತೋರಿಸುವ ಹೊರೆ ನಿಮ್ಮದು. ನನ್ನ ವಿದ್ಯಾರ್ಥಿಯ ಮೊಕದ್ದಮೆ ನಿಂತಿರುವುದು ಈ ಕೂದಲೆಳೆಯ ಮೇಲೆ. ಚೀಲ ಅವನದಲ್ಲ, ಸ್ಕೂಟರು ಅವನದು, ಕಾಲಿನ ಬಳಿ ಇಟ್ಟುಕೊಂಡದ್ದು ಅವನೇ. ಸ್ಕೂಟರ್ ಕೂಡ ಜಪ್ತಿಯಾಗಿದೆ. ವಾಹನದ ಒಡೆಯ ತನಗೆ ತಿಳಿಯದೆ, ತಾನು ಎಚ್ಚರ ವಹಿಸಿದ್ದರೂ ಹೀಗಾಯಿತೆಂದು ರುಜುವಾತುಪಡಿಸದಿದ್ದರೆ ವಾಹನ ಮುಟ್ಟುಗೋಲಾಗಬಹುದು. ತಮ್ಮನಿಗೆ, ಭಾವಮೈದುನನಿಗೆ, ‘ಒಂದು ರೌಂಡ್’ ಎಂದು ಕೇಳಿದ ಗೆಳೆಯನಿಗೆ ಗಾಡಿ ಕೊಡುವ ನಮ್ಮ ಉದಾರಿಗಳು ಇದನ್ನು ಗಮನಿಸಬೇಕು. ಬ್ಯಾಂಕ್ ಖಾತೆಯನ್ನೂ ಸಿಮ್ ಕಾರ್ಡನ್ನೂ ಎರವಲು ಕೊಡುವವರು ಇನ್ನೂ ಹೆಚ್ಚು ಗಮನಿಸಬೇಕು. ಫೋನ್‌ಪೇಯಲ್ಲಿ ಯಾರ ಹೆಸರಿಗೆ ಹಣ ಬಂದಿದೆಯೋ ಅವರ ಬಾಗಿಲನ್ನೇ ತನಿಖೆ ಮೊದಲು ತಟ್ಟುತ್ತದೆ.

ಕುಣಿಗಲ್ಲಿನಲ್ಲಿ ನನಗೆ ಪರಿಚಯದ ಒಬ್ಬ ವಿಧವೆಯಿದ್ದಾರೆ. ನಾವೆಲ್ಲ ಖಾಲಾ ಎನ್ನುತ್ತೇವೆ. ಪತಿ ಬಿಟ್ಟುಹೋದ ಮನೆಯ ಮಹಡಿಯ ಕೋಣೆಯೇ ಅವರ ಆದಾಯ. ನಾಲ್ಕು ಹುಡುಗರು ಮುಂಗಡ ಕೊಟ್ಟು ಬಂದರು. ಕರಾರುಪತ್ರವಿಲ್ಲ, ಆಧಾರ್ ಪ್ರತಿಯಿಲ್ಲ. ನಾಲ್ಕು ತಿಂಗಳ ನಂತರ ಪೊಲೀಸರು ಬಂದು ಮಂಚದಡಿಯಿಂದ ಪೊಟ್ಟಣಗಳನ್ನು ತೆಗೆದರು. 25ನೇ ಕಲಂ ಪ್ರಕಾರ, ತಿಳಿದೂ ತನ್ನ ಮನೆ, ಕೋಣೆ, ವಾಹನವನ್ನು ಇಂತಹ ಕೃತ್ಯಕ್ಕೆ ಬಳಸಲು ಬಿಟ್ಟವರಿಗೂ ಆ ಕೃತ್ಯದ ಶಿಕ್ಷೆಯೇ. ‘ತಿಳಿದೂ’ ಎಂಬ ಶಬ್ದ ಖಾಲಾರನ್ನು ಕಾಪಾಡಿತು. ಆದರೆ ಆ ಶಬ್ದ ಅವರ ನೆರವಿಗೆ ಬರುವ ಮೊದಲು ಅವರು ಬುರ್ಖಾದ ಸೆರಗು ಹಿಡಿದು ಒಂದು ಹಗಲು ಠಾಣೆಯ ಬೆಂಚಿನ ಮೇಲೆ ಕುಳಿತಿದ್ದರು. ಈಗ ಅವರ ಹೆಸರು ಸಾಕ್ಷಿಗಳ ಪಟ್ಟಿಯಲ್ಲಿದೆ; ಸಮನ್ಸ್ ಬಂದಾಗಲೆಲ್ಲ ತುಮಕೂರಿಗೆ ಬಸ್ಸು ಹತ್ತಬೇಕು. ಬಾಡಿಗೆಗೆ ಕೊಡುವಾಗ ಕರಾರುಪತ್ರ ಮಾಡಿಕೊಳ್ಳುವುದು, ಗುರುತಿನ ಚೀಟಿಯ ಪ್ರತಿ ಪಡೆಯುವುದು ಅಪನಂಬಿಕೆಯಲ್ಲ. ಸಾಲದ ವ್ಯವಹಾರವನ್ನು ಬರೆದಿಡಿರೆಂದು ಸೂರಃ ಅಲ್‌ಬಕರಃ ಅಷ್ಟು ದೀರ್ಘವಾಗಿ ಆದೇಶಿಸಿರುವಾಗ ನಾವು ಇದಕ್ಕೇಕೆ ಸಂಕೋಚಪಡಬೇಕು?

ಮಾತ್ರೆಗಳ ವಿಷಯ ಇನ್ನೂ ಸೂಕ್ಷ್ಮ. ಔಷಧದಂಗಡಿಯಲ್ಲಿ ಸಿಗುವುದು ಅಪರಾಧ ಹೇಗಾದೀತು ಎಂದು ತಾಯಂದಿರು ಕೇಳುತ್ತಾರೆ. ನೋವು ನಿವಾರಕವಾದ ಟ್ರಮಡಾಲ್ 2018ರ ಏಪ್ರಿಲ್‌ನಿಂದ ಈ ಕಾಯ್ದೆಯ ವ್ಯಾಪ್ತಿಯಲ್ಲಿದೆ. ನಿದ್ರೆಗೆ, ಆತಂಕಕ್ಕೆ ಕೊಡುವ ಆಲ್ಪ್ರಜೋಲಾಮ್, ನೈಟ್ರಜೆಪಾಮ್‌ಗಳೂ ಇವೆ. ವೈದ್ಯರ ಚೀಟಿಯೊಡನೆ ಅವು ಔಷಧ. ಚೀಟಿಯಿಲ್ಲದೆ ಹಾಳೆ ಹಾಳೆಯಾಗಿ ಕೈ ಬದಲಾಯಿಸಿದರೆ ಮೊಕದ್ದಮೆ. ಉಮ್ರಾಕ್ಕೆ ಹೊರಟವರ ಕೈಗೆ ‘ಜಿದ್ದಾದಲ್ಲಿ ನಮ್ಮ ಹುಡುಗನಿಗೆ ಕೊಟ್ಟುಬಿಡಿ’ ಎಂದು ಪೊಟ್ಟಣ ಕೊಡುವವರಿರುತ್ತಾರೆ. ತೆರೆದು ನೋಡದೆ ಅಂತಹದನ್ನು ಮುಟ್ಟಬಾರದು. ಸೌದಿ ಅರೇಬಿಯಾದಲ್ಲಿ ಮಾದಕ ಸಾಗಣೆಗೆ ಮರಣದಂಡನೆಯವರೆಗೆ ಶಿಕ್ಷೆಯಿದೆ, ಅದು ಜಾರಿಯೂ ಆಗುತ್ತದೆ. ನಮ್ಮ ಕಾಯ್ದೆಯಲ್ಲೂ ದೊಡ್ಡ ಪ್ರಮಾಣದ ಅಪರಾಧ ಎಸಗಿ ಶಿಕ್ಷೆಯಾದವನು ಮತ್ತೆ ಅದನ್ನೇ ಮಾಡಿದರೆ ಮರಣದಂಡನೆ ವಿಧಿಸಬಹುದೆಂಬ 31ಎ ಕಲಂ ಇದೆ.

ಮಕ್ಕಳನ್ನು ಬಳಸುವುದು ನನ್ನ ದೃಷ್ಟಿಯಲ್ಲಿ ಈ ವ್ಯಾಪಾರದ ಅತ್ಯಂತ ಹೇಯ ಭಾಗ. ಹದಿನಾಲ್ಕು ಹದಿನೈದರ ಹುಡುಗನನ್ನು ಯಾರೂ ತಪಾಸಣೆ ಮಾಡುವುದಿಲ್ಲ, ಸಿಕ್ಕಿದರೂ ಬಾಲಮಂದಿರ ತಾನೇ ಎಂಬ ಲೆಕ್ಕಾಚಾರದಿಂದ ಚಿಕ್ಕವರ ಕೈಯಲ್ಲಿ ಪೊಟ್ಟಣ ಕಳುಹಿಸುತ್ತಾರೆ. 2015ರ ಬಾಲನ್ಯಾಯ ಕಾಯ್ದೆಯ 78ನೇ ಕಲಂ ಹೀಗೆ ಮಗುವನ್ನು ಮಾರಾಟಕ್ಕೆ, ಸಾಗಣೆಗೆ ಬಳಸಿದವನಿಗೆ 7 ವರ್ಷದವರೆಗೆ ಕಠಿಣ ಸೆರೆವಾಸ ಮತ್ತು 1 ಲಕ್ಷದವರೆಗೆ ದಂಡ ವಿಧಿಸುತ್ತದೆ. ಮಗುವಿಗೆ ಮಾದಕ ಕೊಟ್ಟವನಿಗೂ 77ನೇ ಕಲಂನಲ್ಲಿ ಅಷ್ಟೇ. ಇದು ಎನ್‌ಡಿಪಿಎಸ್ ಶಿಕ್ಷೆಯ ಜೊತೆಗೆ ಬರಬಹುದಾದದ್ದು. ನಿಮ್ಮ ಮಗನ ಕೈಯಲ್ಲಿ ಯಾರಾದರೂ ಪೊಟ್ಟಣ ಕಳುಹಿಸಿದ್ದು ತಿಳಿದರೆ ಮಾನಕ್ಕೆ ಅಂಜಿ ಮುಚ್ಚಿಡಬೇಡಿ; ಇಲ್ಲಿ ಕಾಯ್ದೆ ಮಗುವಿನ ಪರವಾಗಿ ನಿಂತಿದೆ.

ಬಂಧನವಾದ ದಿನ ಮನೆಯವರು ಗೊಂದಲದಲ್ಲಿ ಕಾಲ ಕಳೆಯುತ್ತಾರೆ. ಮೊದಲು ಮಾಡುವುದು ಯಾರಾದರೂ ಮುಖಂಡರಿಗೆ ಫೋನು. ಈ ಕಾಯ್ದೆಯಲ್ಲಿ ಆ ಫೋನಿನಿಂದ ಪ್ರಯೋಜನವಿಲ್ಲ. 24 ಗಂಟೆಗಳೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು. ಆ ಹೊತ್ತಿಗೆ ವಕೀಲರು ಅಲ್ಲಿರಬೇಕು. ಫೀಸು ಕೊಡಲು ಶಕ್ತಿಯಿಲ್ಲದವರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, 15100ಕ್ಕೆ ಕರೆ ಮಾಡಿದರೂ ಆಗುತ್ತದೆ. ಮೈಮೇಲೆ ತಪಾಸಣೆ ಮಾಡುವ ಮುನ್ನ, ಪತ್ರಾಂಕಿತ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ತಪಾಸಣೆಯಾಗಲೆಂದು ಕೇಳುವ ಹಕ್ಕಿದೆಯೆಂದು ಆರೋಪಿಗೆ ತಿಳಿಸಬೇಕೆನ್ನುತ್ತದೆ 50ನೇ ಕಲಂ. ಹೆಂಗಸರ ತಪಾಸಣೆಯನ್ನು ಹೆಂಗಸರೇ ಮಾಡಬೇಕು. ‘ನಮ್ಮವರನ್ನೇ ಹುಡುಕಿ ಹಿಡಿಯುತ್ತಾರೆ’ ಎಂಬ ಮಾತು ನಮ್ಮ ಗಲ್ಲಿಗಳಲ್ಲಿ ಪ್ರತಿ ಸಲ ಕೇಳಿಬರುತ್ತದೆ. ನಿರಪರಾಧಿಯೊಬ್ಬ ಸಿಕ್ಕಿಬಿದ್ದಿದ್ದರೆ ಅವನನ್ನು ಬಿಡಿಸುವುದು ಘೋಷಣೆಯಲ್ಲ. ತಪಾಸಣೆ ಎಷ್ಟು ಗಂಟೆಗೆ, ಯಾರ ಮುಂದೆ, ಎಲ್ಲಿ ತೂಕ ಮಾಡಿದರು, ಮೊಹರು ಯಾವಾಗ ಹಾಕಿದರು ಎಂಬ ವಿವರಗಳೇ ಬಿಡಿಸುತ್ತವೆ. ಅವನ್ನು ಅದೇ ದಿನ ಕೇಳಿ ಬರೆದಿಟ್ಟುಕೊಳ್ಳಿ. ಅಪರಾಧಿಯಾಗಿದ್ದರೆ, ಅವನು ನಮ್ಮವನೆಂಬ ಕಾರಣಕ್ಕೆ ನಾವು ಅಡ್ಡ ನಿಲ್ಲಬೇಕಾಗಿಲ್ಲ.

ಜಾಮೀನಿನ ಬಗ್ಗೆ ಹೇಳದೆ ಇದು ಮುಗಿಯುವುದಿಲ್ಲ. ವಾಣಿಜ್ಯ ಪ್ರಮಾಣವಾದರೆ 37ನೇ ಕಲಂ ಗೋಡೆಯಂತೆ ನಿಲ್ಲುತ್ತದೆ: ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಸಕಾರಣವಿದೆ, ಬಿಟ್ಟರೆ ಮತ್ತೆ ಅಪರಾಧ ಮಾಡುವವನಲ್ಲ ಎಂದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. ವಿಚಾರಣೆಯೇ ಆಗದೆ ಅದನ್ನು ಮನವರಿಕೆ ಮಾಡಿಕೊಡುವುದು ಎಷ್ಟು ಕಷ್ಟವೆಂದು ಊಹಿಸಿ. ದೋಷಾರೋಪ ಪಟ್ಟಿ ಸಲ್ಲಿಸಲು ಪೊಲೀಸರಿಗೆ 180 ದಿನಗಳಿವೆ, ನ್ಯಾಯಾಲಯ ಅದನ್ನು 1 ವರ್ಷದವರೆಗೆ ವಿಸ್ತರಿಸಬಹುದು. ವಿಚಾರಣೆ ಅತಿಯಾಗಿ ತಡವಾದರೆ 37ನೇ ಕಲಂ ಇದ್ದರೂ ಜಾಮೀನು ಕೊಡಬಹುದೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಪ್ರಕರಣದ ಆರೋಪಿ ಅಷ್ಟರಲ್ಲಿ ಏಳು ವರ್ಷಕ್ಕೂ ಹೆಚ್ಚು ಕಾಲ ಒಳಗೆ ಕಳೆದಿದ್ದ. ಶಿಕ್ಷೆಯಾದ ಮೇಲೆ ಸನ್ನಡತೆಗಾಗಿ ಸಿಗುವ ವಿನಾಯಿತಿಯೂ ಈ ಕೈದಿಗಳಿಗಿಲ್ಲ, ಸೇವನೆಯ ಅಪರಾಧವೊಂದನ್ನು ಬಿಟ್ಟು. ನನ್ನ ವಿದ್ಯಾರ್ಥಿಯದು ನಡುವಿನ ಪ್ರಮಾಣವಾದ್ದರಿಂದ 37ರ ಗೋಡೆ ಅಡ್ಡಬರಲಿಲ್ಲ. ಎರಡು ತಿಂಗಳಾಗುವ ಹೊತ್ತಿಗೆ ಜಾಮೀನು ಸಿಕ್ಕಿತು. ದಮ್ಮಾಮಿನಲ್ಲಿರುವ ಚಿಕ್ಕಪ್ಪ ಕಳುಹಿಸಿದ್ದ ವೀಸಾ ಅಷ್ಟರಲ್ಲಿ ಅವಧಿ ಮೀರಿತ್ತು. ಕ್ರಿಮಿನಲ್ ಮೊಕದ್ದಮೆ ಬಾಕಿಯಿರುವವನಿಗೆ ನ್ಯಾಯಾಲಯದ ಅನುಮತಿಯಿಲ್ಲದೆ ಪಾಸ್‌ಪೋರ್ಟ್ ಸಿಗುವುದು ಕಷ್ಟ. ಅವನೀಗ ತಂದೆಯ ಮಂಡಿಯಲ್ಲಿ ಕಾಯಿ ಸುಲಿಯುತ್ತಾನೆ, ತಾರೀಕಿನ ದಿನ ಬಿಳಿ ಅಂಗಿ ತೊಟ್ಟು ತುಮಕೂರಿಗೆ ಬರುತ್ತಾನೆ.

ಅವನ ಅಕ್ಕನ ನಿಕಾಹ್ ನಿಶ್ಚಯವಾಗಿತ್ತು. ಗಂಡಿನ ಕಡೆಯವರು ಹಿಂದೆ ಸರಿದರು. ಆ ಸಮಯದಲ್ಲಿ ಜಮಾಅತ್‌ನ ಕೆಲವರು ಅಂತಹ ಮನೆಯ ದಾವತ್‌ಗೆ ಹೋಗಬಾರದೆಂದೂ ಹೇಳಿದರು. ಆ ಮಾತು ಶರೀಅತ್‌ನದೂ ಅಲ್ಲ, ಕಾಯ್ದೆಯದೂ ಅಲ್ಲ. ಮದ್ಯಪಾನಕ್ಕಾಗಿ ಮತ್ತೆ ಮತ್ತೆ ಹಿಡಿದು ತರಲಾಗುತ್ತಿದ್ದ ವ್ಯಕ್ತಿಯೊಬ್ಬನನ್ನು ಒಬ್ಬರು ಶಪಿಸಿದಾಗ ಪ್ರವಾದಿ(ಸ) ತಡೆದದ್ದು, ಆತ ಅಲ್ಲಾಹನನ್ನೂ ಅವನ ಸಂದೇಶವಾಹಕರನ್ನೂ ಪ್ರೀತಿಸುವವನೆಂದು ಹೇಳಿದ್ದು ಬುಖಾರಿಯಲ್ಲೇ ಇದೆ. ಹತ್ತು ಮಂದಿಯನ್ನು ಶಪಿಸಿದ ಹದೀಸನ್ನು ಖುತ್ಬಾಗಳಲ್ಲಿ ಎತ್ತರದ ದನಿಯಲ್ಲಿ ಓದುವ ನಾವು ಈ ಇನ್ನೊಂದನ್ನು ಏಕೆ ಅಪರೂಪಕ್ಕೆ ಓದುತ್ತೇವೆ? ಮೊದಲನೆಯದು ವ್ಯಾಪಾರವನ್ನು ಕುರಿತದ್ದು. ಎರಡನೆಯದು ಬಿದ್ದವನನ್ನು ಕುರಿತದ್ದು. ಆತನಿಗೆ ಶಿಕ್ಷೆ ತಪ್ಪಲಿಲ್ಲ ಎಂಬುದೂ ಆ ಹದೀಸಿನಲ್ಲೇ ಇದೆ. ಶಿಕ್ಷೆ ಆಯಿತು, ಸಮುದಾಯದಿಂದ ಹೊರಹಾಕುವುದು ಆಗಲಿಲ್ಲ. ಅಕ್ಕನಂತೂ ಯಾವ ಪಟ್ಟಿಯಲ್ಲಿಯೂ ಇಲ್ಲ.

ಸೇವಿಸುವ ಚಟಕ್ಕೆ ಬಿದ್ದವನಿಗೆ ಕಾಯ್ದೆಯೇ ಒಂದು ಬಾಗಿಲು ತೆರೆದಿಟ್ಟಿದೆ. ಅದರ ಬಗ್ಗೆ ವಕೀಲರೂ ಕಡಿಮೆ ಹೇಳುತ್ತಾರೆ. 64ಎ ಕಲಂ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಮಾರಾಟಕ್ಕೆ ಇಳಿದವನು ಬಹಳಷ್ಟು ಸಲ ಮೊದಲು ಸೇವಿಸಿದವನೇ. ಚಟದ ಹಣಕ್ಕಾಗಿ ಹೊರಲು ಶುರು ಮಾಡುತ್ತಾನೆ. ಆದ್ದರಿಂದ ಸೇವನೆಯ ಹಂತದಲ್ಲೇ ಹಿಡಿದರೆ ಜೈಲನ್ನು ತಪ್ಪಿಸಬಹುದು. ಮಗನ ಬಗ್ಗೆ ಸಂಶಯ ಬಂದವರು 14446ಕ್ಕೆ ಕರೆ ಮಾಡಬಹುದು, ಅದು ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ. 1933 ಎಂಬುದು ಮಾದಕ ಮಾರಾಟದ ಬಗ್ಗೆ ಹೆಸರು ಹೇಳದೆ ಮಾಹಿತಿ ಕೊಡಲು 2024ರಲ್ಲಿ ಆರಂಭವಾದ ಸಂಖ್ಯೆ. ಸಲಹೆಯೂ ಅಲ್ಲಿ ಸಿಗುತ್ತದೆ.

ನಮ್ಮ ಮೊಹಲ್ಲಾದ ಒಬ್ಬ ತಾಯಿ ಯಾರ ಫೋನಿಗೂ ಕಾಯದೆ ಇದನ್ನು ಮಾಡಿದರು. ಮಗ ಐಟಿಐ ಓದು ಬಿಟ್ಟಿದ್ದ, ಮನೆಯ ಸಿಲಿಂಡರ್ ಮಾರಿದ್ದ. ನನ್ನ ಬಳಿ ತಾವೀಝ್ ಕೇಳಲು ಬಂದವರು ಸಂಖ್ಯೆ ಬರೆಸಿಕೊಂಡು ಹೋದರು. ಈಗ ಚಿಕಿತ್ಸೆಯ ದಿನಗಳಲ್ಲಿ ತಾಯಿ ಮಗ ಇಬ್ಬರೂ ಫಜ್ರ್ ಮುಗಿಸಿ ಬೆಂಗಳೂರಿನ ರೈಲು ಹತ್ತುತ್ತಾರೆ. ನಿಮ್ಹಾನ್ಸ್‌ನಲ್ಲಿ ಚೀಟಿ ಮಾಡಿಸಿ, ಸರದಿ ಬರುವವರೆಗೆ ಕಾದು, ಮಾತ್ರೆ ಪಡೆದು ಮಗ್ರಿಬ್ ಹೊತ್ತಿಗೆ ಹಿಂದಿರುಗುತ್ತಾರೆ. ಅಕ್ಕಪಕ್ಕದವರು ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರೆ ಆಕೆ ಆಸ್ಪತ್ರೆಗೆ ಎಂದು ಗಟ್ಟಿಯಾಗಿಯೇ ಹೇಳುತ್ತಾರೆ. ಮಾತ್ರೆಗಳ ಡಬ್ಬಿಯ ಬೀಗದ ಕೈ ಆಕೆಯ ಸೊಂಟದಲ್ಲಿದೆ.